ಮಗ್ಗದ ಮೇಲೆ ಲೈಬ್ರರಿ ಕಾರ್ಡು

ಜಮಖಂಡಿಯ ಒಂದು ಕಾಲೇಜಿನಲ್ಲಿ ಗ್ರಂಥಾಲಯದ ಬಾಗಿಲ ಪಕ್ಕ ದೊಡ್ಡ ಫಲಕ ಹಾಕಿದ್ದಾರೆ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ‘ನಮ್ಮ ಗ್ರಂಥಾಲಯದ ಸೌಲಭ್ಯಗಳು’ ಎಂದು ತಲೆಬರಹ. ಮನೆಗೆ ಪುಸ್ತಕ ಒಯ್ಯುವ ಸೌಲಭ್ಯ, ಪರಾಮರ್ಶನ ಗ್ರಂಥಗಳ ವಿಭಾಗ, ದಿನಪತ್ರಿಕೆ ಮತ್ತು ಮಾಸಪತ್ರಿಕೆಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಇಂಟರ್‌ನೆಟ್ ಇರುವ ಕಂಪ್ಯೂಟರ್‌ಗಳು, ಜೆರಾಕ್ಸ್, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಪ್ರತ್ಯೇಕ ಮೂಲೆ. ಎಲ್ಲಕ್ಕಿಂತ ಕೆಳಗೆ, ಬಣ್ಣ ಸ್ವಲ್ಪ ಉದುರಿದ ಸಾಲು: ಸಾರ್ವಜನಿಕರಿಗೂ ಕುಳಿತು ಓದುವ ಅವಕಾಶವಿದೆ.

ಅದರ ಮುಂದೆ ನಿಂತು ನಾನು ಪ್ರತಿ ಅಕ್ಷರವನ್ನೂ ಓದಿದ್ದೇನೆ. ಓದುಬಲ್ಲವರು ಇಂಥ ಫಲಕಗಳ ಮೇಲೆ ಕಣ್ಣಾಡಿಸಿ ಒಳಗೆ ಹೋಗುತ್ತಾರೆ. ನನ್ನಂಥವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವುದರಿಂದ ಒಂದು ತೊಂದರೆಯಿದೆ: ಓದಿದ್ದನ್ನೆಲ್ಲ ನಂಬಿಬಿಡುತ್ತೇನೆ. ಇಷ್ಟು ಕಷ್ಟಪಟ್ಟು ಓದಿದ್ದು ಸುಳ್ಳಾಗಿರಬಹುದು ಎಂದು ಹೊಳೆಯುವುದೇ ಇಲ್ಲ.

ಆ ಫಲಕದ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಆ ಸಿಟ್ಟನ್ನು ಕೆಡಿಸಿದವನೂ ನಾನೇ. ಅದನ್ನು ಹೇಳುವುದಕ್ಕಾಗಿಯೇ ಈ ಕಥೆ.

ನಾವು ರಬಕವಿಯವರು. ಓಣಿಯ ತುಂಬ ವಿದ್ಯುತ್ ಮಗ್ಗಗಳು ಖಟಖಟ ಎನ್ನುವ ನಡುವೆ ಉಳಿದಿರುವ ಕೆಲವೇ ಕೈಮಗ್ಗಗಳಲ್ಲಿ ನಮ್ಮದೊಂದು. ಅಪ್ಪನ ಕಣ್ಣಿಗೆ ಎಳೆ ಕಾಣದಂತಾದಾಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಶಾಲೆ ಬಿಟ್ಟು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದೆ. ನಮ್ಮ ಶಾಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಅದರ ತುಂಬ ಕಥೆಯ ಪುಸ್ತಕಗಳಿವೆ ಎಂದು ದೊಡ್ಡ ಹುಡುಗರು ಹೇಳುತ್ತಿದ್ದರು. ಮಾಸ್ತರರು ಅದರ ಮೇಲೆ ಕುಳಿತು ಹಾಜರಿ ಕರೆಯುತ್ತಿದ್ದರು, ಅದರ ಮೇಲೆಯೇ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ಶಾಲೆ ಬಿಡುವ ತನಕ ಅದರ ಮುಚ್ಚಳ ಎದ್ದದ್ದನ್ನು ನೋಡಲಿಲ್ಲ. ಪುಸ್ತಕ ಎಂದರೆ ಯಾರೋ ಮೇಲೆ ಕುಳಿತಿರುವ ವಸ್ತು ಎಂದೇ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ತಂಗಿ ನನಗಿಂತ ಬಹಳ ಚಿಕ್ಕವಳು. ಅವಳು ಬಿ.ಎ.ಗೆ ಸೇರಿದಾಗ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವಳ ಮುಂಚೆ ಯಾರೂ ಇರಲಿಲ್ಲ. ಬೆಳಿಗ್ಗೆ ಅವ್ವನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು, ರೊಟ್ಟಿ ಕಟ್ಟಿಕೊಂಡು ಜಮಖಂಡಿಯ ಬಸ್ಸು ಹಿಡಿಯುತ್ತಿದ್ದಳು. ಸಂಜೆ ಬಂದು ಮಗ್ಗದ ಪಕ್ಕ ಕುಳಿತು ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ನಾನು ಲಾಳಿ ಎಸೆಯುತ್ತ ಕೇಳುತ್ತಿದ್ದೆ. ನನ್ನ ಕಾಲೇಜು ಆದದ್ದು ಹಾಗೆ.

ಗ್ರಂಥಾಲಯದ ಸುದ್ದಿಯನ್ನು ಅವಳು ನಗುತ್ತ ಹೇಳುತ್ತಿದ್ದಳು. ಗಾಜಿನ ಬಾಗಿಲಿನ ಕಪಾಟುಗಳ ಸಾಲು. ಒಳಗೆ ಪುಸ್ತಕ, ಹೊರಗೆ ಕೀಲಿ. ಹುಡುಗರು ಹುಡುಗಿಯರು ಕಟಕಟೆಯ ಈಚೆ ನಿಲ್ಲಬೇಕು. ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕೊಟ್ಟರೆ ಜವಾನ ಒಳಗೆ ಹೋಗಿ ಬಂದು ‘ಇಲ್ಲ’ ಎನ್ನುತ್ತಾನೆ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ? ಕೈಯಲ್ಲಿ ಹಿಡಿಯದೆ, ಹಾಳೆ ತಿರುವದೆ, ಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ? ಸೀರೆ ಅಂಗಡಿಯಲ್ಲಿ ಕೂಡ ನೂರು ಸೀರೆ ಬಿಚ್ಚಿ ಹಾಕುತ್ತಾರೆ, ಒಂದನ್ನೂ ಕೊಳ್ಳದೆ ಎದ್ದು ಹೋದವರಿಗೂ ಚಹಾ ಕುಡಿಸುತ್ತಾರೆ.

ಒಮ್ಮೆ ಕಾಲೇಜಿಗೆ ಹೊರಗಿನಿಂದ ತಪಾಸಣೆಯವರು ಬಂದರು. ಆ ದಿನ ಕಂಪ್ಯೂಟರ್‌ಗಳ ಪ್ಲಾಸ್ಟಿಕ್ ಹೊದಿಕೆ ತೆಗೆದು, ಒಂದೊಂದರ ಮುಂದೆ ಒಬ್ಬೊಬ್ಬ ಹುಡುಗಿಯನ್ನು ಕೂರಿಸಿದರಂತೆ. ತಂಗಿಯ ಪಕ್ಕದಲ್ಲಿ ಬೀಳಗಿ ಕಡೆಯಿಂದ ಬರುವ ಅವಳ ಗೆಳತಿ. ಪರದೆಯ ಮೇಲೆ ಏನೂ ಇಲ್ಲ, ಸುಮ್ಮನೆ ಬೆರಳು ಆಡಿಸುತ್ತಿರಿ ಎಂದು ಹೇಳಿದ್ದರು. ಫೋಟೊ ತೆಗೆದುಕೊಂಡರು. ಮರುದಿನ ಮತ್ತೆ ಹೊದಿಕೆ.

“ನನ್ನ ಗೆಳತಿ ಅಂತಾಳ, ನಮ್ಮ ಎಮ್ಮಿ ಫೋಟೋದಾಗ ಇದಕ್ಕಿಂತ ಛಲೋ ಟೈಪ್ ಮಾಡತೈತಿ ಅಂತ” ಎಂದು ತಂಗಿ ನಕ್ಕಳು.

ನನಗೆ ನಗು ಬರಲಿಲ್ಲ. “ನೀವು ಯಾರೂ ಏನೂ ಅನ್ನಲಿಲ್ಲೇನು?”

“ಏನ ಅನ್ನೂದಣ್ಣಾ? ನೀ ಒಬ್ಬಾವ ಇಲ್ಲಿ ಕುಣಿಯಾಗ ಕುಂತು ಸಿಟ್ಟಿಗೇಳು, ಸಾಕು. ನಿನ್ನ ಸಿಟ್ಟು ಜಮಖಂಡಿ ತನಕ ಕೇಳಸತೈತಿ.”

ಆ ಕಪಾಟುಗಳಲ್ಲಿ ಒಂದರಲ್ಲಿ ಕೆಂಪು ಬೆನ್ನಿನ ಒಂದು ದಪ್ಪ ಪುಸ್ತಕವಿತ್ತು. ನಮ್ಮ ಈ ಭಾಗದ ಹಳೆಯ ಸಂಸ್ಥಾನಗಳ ಇತಿಹಾಸ. ಜಮಖಂಡಿ, ಮುಧೋಳಗಳ ಅರಸು ಮನೆತನಗಳದಷ್ಟೇ ಅಲ್ಲ, ನೇಕಾರ ಓಣಿಗಳು ಹೇಗೆ ಬೆಳೆದವು ಎಂಬ ಅಧ್ಯಾಯವೂ ಅದರಲ್ಲಿದೆ ಎಂದು ಅವರ ಇತಿಹಾಸದ ಮೇಷ್ಟ್ರು ತರಗತಿಯಲ್ಲಿ ಹೇಳಿದ್ದರು. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಅದನ್ನು ಓದಿ ಬರೆದರೆ ಒಳ್ಳೆಯ ಅಂಕ ಬರುತ್ತವೆ ಎಂದಿದ್ದರು. ತಂಗಿ ಹೋಗಿ ಕೇಳಿದಳು. ಅದು ಪರಾಮರ್ಶನ ಗ್ರಂಥ, ಮನೆಗೆ ಕೊಡುವುದಿಲ್ಲ ಎಂದರು. ಇಲ್ಲೇ ಕುಳಿತು ಓದುತ್ತೇನೆ ಎಂದಳು. ಕೀಲಿ ಇನ್ನೊಬ್ಬರ ಹತ್ತಿರ ಇದೆ, ಅವರು ರಜೆಯ ಮೇಲಿದ್ದಾರೆ ಎಂದರು. ಮತ್ತೆ ಕೇಳಿದಾಗ ಅವರು ಬಂದಿದ್ದರು, ಕೀಲಿ ಬಂದಿರಲಿಲ್ಲ. ಅವಳು ಬಿಡುವಿದ್ದಾಗಲೆಲ್ಲ ಹೋಗಿ ಗಾಜಿನಾಚೆ ಅದರ ಬೆನ್ನನ್ನು ನೋಡಿ ಬರುತ್ತಿದ್ದಳು. ನೋಡಿ ಬಂದೆ ಎಂದು ಹೇಳುವಾಗ ಅವಳು ನಗುತ್ತಿರಲಿಲ್ಲ.

ಆದರೂ ಇದ್ದುದರಲ್ಲಿ ಸಿಕ್ಕಷ್ಟನ್ನು ಅವಳು ತಂದು ಓದಿದಳು. ಪುಸ್ತಕ ಒಯ್ಯಲು ಅವಳಿಗೊಂದು ಕಾರ್ಡು ಕೊಟ್ಟಿದ್ದರು. ಕಂದು ಬಣ್ಣದ ದಪ್ಪ ರಟ್ಟು, ಮೇಲೆ ಶಾಯಿಯಲ್ಲಿ ಅವಳ ಹೆಸರು, ಕೆಳಗೆ ತಾರೀಖಿನ ಮುದ್ರೆ ಒತ್ತಲು ಮನೆಗಳು. ಒಂದು ಬೆಳಿಗ್ಗೆ ಅದನ್ನು ನನ್ನ ಮುಖದ ಮುಂದೆ ಹಿಡಿದಳು.

“ನೋಡಣ್ಣಾ, ಕಾರ್ಡ ತುಂಬೇತಿ! ಎರಡೂ ಕಡೆ ಒಂದ ಸಿಕ್ಕಾ ಹಾಕಾಕ ಜಾಗ ಇಲ್ಲ. ನಮ್ಮ ಕ್ಲಾಸಿನ್ಯಾಗ ಯಾರದೂ ತುಂಬಿಲ್ಲ.”

“ತುಂಬಿತಲ್ಲ, ಆತು ಬಿಡು” ಎಂದೆ. ಅವಳು ಅದನ್ನು ಗೋಡೆಯ ಗೂಡಿನಲ್ಲಿಟ್ಟು ಬಸ್ಸಿಗೆ ಓಡಿದಳು.

ಅವಳು ಹೇಳಿದ್ದು ಒಂದು, ನಾನು ಕೇಳಿಸಿಕೊಂಡದ್ದು ಇನ್ನೊಂದು. ಅವಳ ಮಾತಿನಲ್ಲಿ ಹೆಮ್ಮೆಯಿತ್ತು. ನನಗೆ ಕೇಳಿಸಿದ್ದು ಕಾರ್ಡಿನ ಕೆಲಸ ಮುಗಿಯಿತು ಎಂದು.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಸೀರೆಯ ಅಂಚಿನಲ್ಲಿ ಹೂವು, ಮಾವಿನಕಾಯಿ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡು ಎಂಬ ಪೆಟ್ಟಿಗೆ ಇರುತ್ತದೆ. ಅದಕ್ಕೆ ತೂತು ಹೊಡೆದ ರಟ್ಟುಗಳನ್ನು ದಾರದಿಂದ ಹೆಣೆದು ಮಾಲೆಯಂತೆ ಇಳಿಬಿಡುತ್ತೇವೆ. ಕಾಲಿನಿಂದ ಹಲಗೆ ತುಳಿದಾಗಲೆಲ್ಲ ಒಂದು ರಟ್ಟು ಮುಂದೆ ಬರುತ್ತದೆ. ತೂತು ಇದ್ದ ಕಡೆಯ ಎಳೆ ಏಳುತ್ತದೆ, ಇಲ್ಲದ ಕಡೆಯದು ಕೆಳಗೇ ಉಳಿಯುತ್ತದೆ. ಈ ರಟ್ಟುಗಳಿಗೆ ನಮ್ಮಲ್ಲಿ ಕಾರ್ಡು ಎಂದೂ ಅನ್ನುತ್ತಾರೆ. ಮಾಲೆಯಲ್ಲಿ ಒಂದೇ ಒಂದು ಹರಿದರೂ ಪ್ರತಿ ಹೂವಿನ ಅದೇ ಎಸಳು ಕೆಡುತ್ತದೆ.

ಆ ದಿನ ಅದೇ ಆಯಿತು. ಮದುವೆಗೆ ಬೇಕೆಂದು, ನೂಲು ಕೊಟ್ಟು ನೇಯಿಸುವ ಮಾಲಕರು ಅವಸರ ಮಾಡುತ್ತಿದ್ದ ಸೀರೆ. ಮಾಲೆಯ ನಡುವಿನ ಒಂದು ರಟ್ಟು ಅಂಚಿನಿಂದ ಸೀಳಿ ಬಂತು. ಹೊಸ ರಟ್ಟು ಹೊಡೆದುಕೊಡುವವನು ಬನಹಟ್ಟಿಯಲ್ಲಿದ್ದಾನೆ. ಕೇಳಿದರೆ ಅವನು ಮುಧೋಳಕ್ಕೆ ಬೀಗರ ಮನೆಗೆ ಹೋಗಿದ್ದ. ಸುತ್ತ ನೋಡಿದೆ. ಗೂಡಿನಲ್ಲಿ ದಪ್ಪ, ಗಟ್ಟಿ, ಅಗಲಕ್ಕೆ ಸರಿಹೊಂದುವ ರಟ್ಟು. ಕೆಲಸ ಮುಗಿದ ಕಾರ್ಡು. ನಮ್ಮಲ್ಲಿ ಹಳೆಯ ವಿನ್ಯಾಸದ ಕಾರ್ಡನ್ನು ಯಾರೂ ಎಸೆಯುವುದಿಲ್ಲ, ಇನ್ನೊಂದರ ದುರಸ್ತಿಗೆ ಇಟ್ಟುಕೊಳ್ಳುತ್ತೇವೆ. ನಾನು ಕತ್ತರಿಯಿಂದ ಅದರ ಕೆಳತುದಿಯನ್ನು ಅಳತೆಗೆ ಕತ್ತರಿಸಿದೆ. ಹರಿದ ರಟ್ಟನ್ನು ಮೇಲಿಟ್ಟು, ಅದರ ತೂತುಗಳ ನೇರಕ್ಕೆ ಸುತ್ತಿಗೆಯಿಂದ ತೂತು ಹೊಡೆದೆ. ಒಂದು ತೂತು ತಂಗಿಯ ಹೆಸರಿನ ನಡುವಿನ ಅಕ್ಷರದ ಮೇಲೇ ಬಿತ್ತು. ಹೂವು ಚೊಕ್ಕಟವಾಗಿ ಬಂತು. ನನ್ನ ಕೈಚಳಕಕ್ಕೆ ನಾನೇ ಖುಷಿಪಟ್ಟೆ.

ಇದಿಷ್ಟು ತಿಳಿಯದೆ ಮಾಡಿದ್ದು. ಇದಕ್ಕೆ ನನ್ನನ್ನು ಯಾರೂ ಬೈಯಲಾರರು. ಬೈಯಬೇಕಾದದ್ದು ಮುಂದಿದೆ.

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ತಂಗಿ ಬಂದವಳೇ ಗೂಡಿಗೆ ಕೈ ಹಾಕಿದಳು. ಗೂಡು ಖಾಲಿ.

“ಅವ್ವಾ, ಇಲ್ಲಿ ನನ್ನ ಲೈಬ್ರರಿ ಕಾರ್ಡ್ ಇಟ್ಟಿದ್ನೆಲ್ಲಾ ಬೇ?”

“ನನಗೇನ ಗೊತ್ತವ್ವಾ, ಇಲಿ ಒಯ್ದಿರಬೇಕು. ಮನ್ನೆ ನನ್ನ ಬತ್ತೀನೂ ಒಯ್ತು.”

ತಂಗಿಯ ಮುಖ ಬೆಳ್ಳಗಾಯಿತು. ಅವಳು ಹೇಳಿದಾಗಲೇ ತಿಳಿಯಿತು ನನಗೆ. ಕಾರ್ಡನ್ನು ಗ್ರಂಥಾಲಯಕ್ಕೆ ಹಿಂತಿರುಗಿಸಬೇಕು. ಹಿಂತಿರುಗಿಸಿದರೆ ಅವರು ಬಾಕಿಯಿಲ್ಲ ಎಂದು ಸಹಿ ಮಾಡುತ್ತಾರೆ. ಆ ಸಹಿ ಇದ್ದರೆ ಮಾತ್ರ ಪರೀಕ್ಷೆಯ ಹಾಲ್ ಟಿಕೆಟ್. ಕಾರ್ಡು ಇಲ್ಲದಿದ್ದರೆ ಅವಳು ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ.

ಆ ಕ್ಷಣವೇ ಹೇಳಬೇಕಿತ್ತು. ನಾನು ಕುಣಿಯಲ್ಲಿದ್ದೆ, ಕಾರ್ಡು ನನ್ನ ತಲೆಯ ಮೇಲಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತೆಗೆದರೆ ಸೀರೆ ಅರ್ಧಕ್ಕೆ ನಿಲ್ಲುತ್ತದೆ ಎಂಬುದೊಂದು. ಆದರೆ ಖರೆ ಕಾರಣ ಅದಲ್ಲ. ತಂಗಿಯ ಓದಿಗೆ ನಾನೇ ಬೆನ್ನೆಲುಬು ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದವನು ನಾನು. ಅವಳ ಕಾರ್ಡಿಗೆ ಕತ್ತರಿ ಹಾಕಿದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕುಣಿಯಿಂದ ಎದ್ದು ಬಂದು ಅವಳ ಜೊತೆ ಹುಡುಕತೊಡಗಿದೆ. ಹಾಸಿಗೆ ಝಾಡಿಸಿದೆ. ಜೋಳದ ಡಬ್ಬಿ ಸರಿಸಿದೆ. ಇಲಿಯ ಬಿಲಕ್ಕೆ ಕಡ್ಡಿ ಹಾಕಿ ನೋಡಿದೆ. ಅವ್ವ ಮೆಚ್ಚಿ, “ನೋಡು, ನಿಮ್ಮಣ್ಣಗ ನಿನಗಿಂತ ಕಾಳಜಿ” ಎಂದಳು.

ಮರುದಿನ ತಂಗಿ ಹೋಗಿ ಕಾರ್ಡು ಕಳೆದಿದೆ ಎಂದಾಗ, ಪೊಲೀಸ್ ಠಾಣೆಗೆ ಹೋಗಿ ಕಳೆದ ಬಗ್ಗೆ ಬರೆಸಿಕೊಂಡು ಬಾ, ಪ್ರಾಚಾರ್ಯರ ಸಹಿ ಮಾಡಿಸು, ಆಮೇಲೆ ನೋಡೋಣ ಎಂದರು. ಹಾಲ್ ಟಿಕೆಟ್ ಕೊಡುವ ಕೊನೆಯ ದಿನಕ್ಕೆ ಮುಂಚೆ ಅವಳಿಗೆ ಉಳಿದದ್ದು ಒಂದೇ ದಿನ. ಓದುವ ಹುಡುಗಿಯನ್ನು ಒಂದು ರಟ್ಟಿನ ತುಂಡಿಗಾಗಿ ಠಾಣೆಯ ಬಾಗಿಲಿಗೆ ಕಳಿಸುವುದು! ನನ್ನ ಮೈ ಉರಿಯಿತು. ಆ ಉರಿ ಸುಳ್ಳಲ್ಲ. ಆದರೆ ಅದರ ಜೊತೆ ಹೆದರಿಕೆಯೂ ಇತ್ತು. ಕಾರ್ಡು ಕಳೆದಿಲ್ಲ ಎಂದು ಗೊತ್ತಿದ್ದೂ ಪೊಲೀಸರ ಮುಂದೆ ಕಳೆದಿದೆ ಎಂದು ಬರೆಸುವ ಧೈರ್ಯ ನನಗಿರಲಿಲ್ಲ. ಠಾಣೆಗಿಂತ ಕಾಲೇಜಿನಲ್ಲಿ ಒದರಾಡುವುದು ಸುಲಭ.

“ನಡಿ, ನಾನ ಬರತೇನಿ” ಎಂದು ಮಾರನೆಯ ಬೆಳಿಗ್ಗೆ ಅವಳ ಜೊತೆ ಬಸ್ಸು ಹತ್ತಿದೆ. ಫಲಕವನ್ನು ನಾನು ಮೊದಲ ಸಲ ಓದಿದ್ದು ಅವತ್ತು.

ಗ್ರಂಥಪಾಲಕರು ಮಧ್ಯವಯಸ್ಸಿನ, ದಣಿದ ಮುಖದ ಮನುಷ್ಯ. ಮೊದಲು ಮೆತ್ತಗೇ ಮಾತಾಡಿದರು. “ನೋಡ್ರಿ, ರೂಲ್ಸ್ ನಾ ಮಾಡಿಲ್ಲ. ಒಂದ ಪುಸ್ತಕ ಹೋದ್ರೂ ನನ್ನ ತಲಿ ಮ್ಯಾಲ ಬರತೈತಿ. ಕಾರ್ಡ್ ಸಿಕ್ಕರ ತಂದ ಕೊಡ್ರಿ, ಈಗಿಂದೀಗ ಸಹಿ ಮಾಡತೇನಿ.”

“ಪುಸ್ತಕ ಎಲ್ಲಾ ಕೊಟ್ಟಾಳಲ್ರಿ? ಒಂದರ ಬಾಕಿ ಐತೇನ್ರಿ?”

“ಇಲ್ಲ.”

“ಮತ್ತ?”

“ಕಾರ್ಡ್ ಬೇಕಲ್ರಿ.”

ಅಲ್ಲಿಂದ ನನ್ನ ಬಾಯಿಗೆ ತಡೆಯಿರಲಿಲ್ಲ. ಹೊರಗೆ ಬರೆದದ್ದೆಲ್ಲ ಯಾರಿಗೆ ಎಂದು ಕೇಳಿದೆ. ಕಂಪ್ಯೂಟರಿಗೆ ಹೊದಿಸಿದ ಪ್ಲಾಸ್ಟಿಕ್ಕಿನ ಮೇಲಿನ ಧೂಳನ್ನು ಬೆರಳಿನಿಂದ ತೆಗೆದು ತೋರಿಸಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಮೂಲೆಯಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಇಲ್ಲಿ ಯಾವ ಪರೀಕ್ಷೆಗೆ ಓದುತ್ತಾರೆ, ಕುರ್ಚಿ ಹತ್ತುವ ಪರೀಕ್ಷೆಗೋ ಎಂದೆ. ಜವಾನನೂ ನಕ್ಕ. ಕೆಂಪು ಬೆನ್ನಿನ ಪುಸ್ತಕದ ಕಪಾಟಿನ ಮುಂದೆ ನಿಂತು, “ಇದರ ಕೀಲಿ ಎಲ್ಲೈತಿ ಹೇಳ್ರಿ. ಇದನ್ನ ಓದಾಕಂತ ಈ ಹುಡುಗಿ ಎಷ್ಟ ಸರ್ತೆ ಬಂದಾಳ ಕೇಳ್ರಿ. ಪುಸ್ತಕ ಏನ ಜೈಲಿನ್ಯಾಗ ಅದಾವೇನು?” ಎಂದು ಕೂಗಿದೆ.

ಕಟಕಟೆಯ ಬಳಿ ಹುಡುಗರು ಸೇರಿದ್ದರು. ಒಬ್ಬ, “ಖರೆ ಐತ್ರಿ ಸರ್, ನಮಗೂ ಕೀಲಿ ಇಲ್ಲ ಅಂದಿದ್ರಿ” ಎಂದ. ಇನ್ನೊಬ್ಬಳು ಹಳೆಯ ಪ್ರಶ್ನೆಪತ್ರಿಕೆ ಎಲ್ಲಿವೆ ಎಂದು ಕೇಳಿದಳು. ಗದ್ದಲವಾಯಿತು. ಗ್ರಂಥಪಾಲಕರು ಕೈ ಎತ್ತಿ, “ಆತು, ಆತು. ನಾಳೆ ಕಪಾಟ ತಗಸತೇನಿ. ಎಲ್ಲಾರೂ ಕುಂತು ಓದ್ರಿ” ಎಂದರು.

ನಾಳೆ ಕಪಾಟು ತೆರೆಯುತ್ತದೆ! ನನ್ನ ಎದೆ ಉಬ್ಬಿತು. ಆಗ ಅವರು ನನ್ನ ಕಡೆ ತಿರುಗಿದರು.

“ಅದ ಬ್ಯಾರೆ ಮಾತು. ಕಾರ್ಡಿಂದು ಹೇಳ್ರಿ. ಮನ್ಯಾಗ ಸರಿಯಾಗಿ ಹುಡುಕೀರೇನು?”

“ಮೂಲಿ ಮೂಲಿ ಹುಡುಕೀನ್ರಿ. ಇಲಿ ಬಿಲದಾಗೂ ನೋಡೀನಿ.”

ಜವಾನನಿಗೆ ಅಷ್ಟೊತ್ತಿಗೆ ಉಮೇದಿ ಬಂದಿತ್ತು. “ಅಲ್ರೀ ಅಣ್ಣಾರ, ರಟ್ಟಿನ ತುಂಡದು. ಅದನ್ನ ಒಯ್ದು ಯಾರೇನ ಮಾಡತಾರ್ರಿ? ನಿಮ್ಮ ರಬಕವ್ಯಾಗ ಅದರಲೇ ಸೀರಿ ನೇಯತಾರೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಗಿಯೂ ನಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಅವಳು ನೇಕಾರರ ಮನೆಯ ಹುಡುಗಿ. ನನ್ನ ಕೈಗಳನ್ನು ನೋಡಿದಳು, ಮುಖ ನೋಡಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ನಾನು ನನ್ನ ಪರಾಕ್ರಮವನ್ನೇ ಹೇಳುತ್ತಿದ್ದೆ, ಕಪಾಟು ತೆಗೆಸಿದೆನಲ್ಲ, ಇನ್ನು ಸಹಿಯನ್ನೂ ಮಾಡಿಸುತ್ತೇನೆ ಎಂದು. ಮನೆ ಮುಟ್ಟಿ ಚಪ್ಪಲಿ ಬಿಟ್ಟವಳು ಸೀದಾ ಮಗ್ಗದ ಮುಂದೆ ನಿಂತಳು.

“ಅಣ್ಣಾ, ಯಾವ ರಟ್ಟು ಹರದಿತ್ತು?”

ಅವಳು ಕೂರುವ ಹಲಗೆಯ ಮೇಲೆ ಹತ್ತಿ, ಮಾಲೆಯನ್ನು ಕೈಯಿಂದ ಒಂದೊಂದಾಗಿ ತಿರುವಿದಳು. ಹಳದಿ ರಟ್ಟು, ಹಳದಿ ರಟ್ಟು, ಹಳದಿ ರಟ್ಟು. ಆಮೇಲೆ ಕಂದು. ತೂತುಗಳ ನಡುವೆ ತಾರೀಖಿನ ಮುದ್ರೆಗಳು, ನಡುವಿನ ಅಕ್ಷರ ಹೋದ ಅವಳ ಹೆಸರು.

“ಹುಡುಕೂ ಮುಂದ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಹಾಸಗಿ ಝಾಡಿಸಿದಿ.”

“ಹೂಂ.”

“ಇಲಿ ಬಿಲದಾಗ ಕಡ್ಡಿ ಹಾಕಿದಿ.”

“ಹೂಂ.”

“ಅವ್ವಾ” ಎಂದು ಅವಳು ಒಳಗೆ ಕೂಗಿದಳು, “ಇಲಿ ಸಿಕ್ತು ಬೇ.”

ಅವ್ವ ಹೊರಗೆ ಬಂದು ನೋಡಿ, ವಿಷಯ ತಿಳಿದು, ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತುಬಿಟ್ಟಳು. “ಭಾಡ್ಯಾ, ನನ್ನ ಕೈಲೆ ಹೊಗಳಿಸಿಕೊಂಡ್ಯಲ್ಲೋ” ಎಂದಳು. ಅವಳಿಗೆ ನೋವಾದದ್ದು ಆ ಹೊಗಳಿಕೆಯಿಂದ.

ದಾರ ಕತ್ತರಿಸಿ ಕಾರ್ಡನ್ನು ಬಿಡಿಸಿಕೊಟ್ಟೆ. ಸೀರೆ ಅರ್ಧ ಹೂವಿಗೆ ನಿಂತಿತು. ನಾಳೆ ನಾನೊಬ್ಬನೇ ಹೋಗಿ ಕೊಟ್ಟು ಬರುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. “ನಿನ್ನ ಒಬ್ಬನ್ನ ಕಳಿಸಿದ್ರ ಅಲ್ಲಿ ಮತ್ತೇನ ಹೇಳ್ತಿಯೋ” ಎಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮರುದಿನ ಗ್ರಂಥಪಾಲಕರು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

“ಇದೇನ್ರಿ, ಇಲಿ ಕಡದೇತೇನು?”

“ಇಲಿ ಅಲ್ರಿ, ನಾನ. ಮಗ್ಗಕ್ಕ ಹಾಕಿದ್ದೆ.”

“ನಿನ್ನೆ ಮೂಲಿ ಮೂಲಿ ಹುಡುಕೀನಿ ಅಂದ್ರಿ?”

“ಸುಳ್ಳ ಹೇಳಿದೆರಿ.”

ಅವರ ಮುಖದ ದಣಿವು ಒಂದು ಕ್ಷಣದಲ್ಲಿ ಹೋಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕಟಕಟೆಯ ಬಳಿ ನಿನ್ನೆಯ ಹುಡುಗರೇ ಇದ್ದರು. ಕಪಾಟು ತೆರೆಯುತ್ತದೆ ಎಂದು ಬಂದವರು. ಗ್ರಂಥಪಾಲಕರು ಎಲ್ಲರಿಗೂ ಕೇಳುವಂತೆ ಹೇಳಿದರು: “ನೋಡ್ರಿ, ನಿನ್ನೆ ನಮಗ ಪಾಠ ಹೇಳಿದ ದೊಡ್ಡ ಮನುಷ್ಯಾರು. ಕಾಲೇಜಿನ ಕಾರ್ಡ ಕತ್ತರಿಸಿ ಸೀರಿಗೆ ಹಾಕ್ಯಾರ. ಇಂಥಾವ್ರ ಕೈಯಾಗ ಪುಸ್ತಕ ಕೊಟ್ರ ಏನಾಗತೈತಿ ನೀವ ಹೇಳ್ರಿ. ಇದಕ್ಕ ಅಂತನ ಕೀಲಿ ಹಾಕಿ ಇಟ್ಟೇವಿ.”

ಖರೆ ಐತ್ರಿ ಎಂದಿದ್ದ ಹುಡುಗ ಮೊಬೈಲು ನೋಡುತ್ತ ಹೊರಗೆ ನಡೆದ. ನಾನು ಕೂಗಬಹುದಿತ್ತು. ಕಾರ್ಡಿಗೂ ಕಪಾಟಿಗೂ ಏನು ಸಂಬಂಧ? ನಾನು ಸುಳ್ಳ ಎಂದ ಮಾತ್ರಕ್ಕೆ ಕಂಪ್ಯೂಟರಿನ ಮೇಲಿನ ಧೂಳು ಸುಳ್ಳೇ? ಆದರೆ ಇನ್ನು ನನ್ನ ಮಾತು ನಂಬುವವರು ಯಾರು? ನಿನ್ನೆಯ ಒಂದೊಂದು ಖರೆ ಮಾತನ್ನೂ ಅವರು ನನ್ನ ಒಂದು ಸುಳ್ಳಿನಿಂದ ಮುಚ್ಚಿದರು. ಮುಚ್ಚಳ ಒದಗಿಸಿಕೊಟ್ಟವನು ನಾನು. ಇದಕ್ಕಿಂತ ಹೆಚ್ಚು ನನ್ನನ್ನು ಸುಡುವುದು ಬೇರೇನೂ ಇಲ್ಲ.

ಅಷ್ಟಕ್ಕೇ ಅವರು ಬಿಡಲಿಲ್ಲ. ಹಾಳಾದ ಕಾರ್ಡನ್ನು ತೆಗೆದುಕೊಳ್ಳಲು ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ, ಪ್ರಾಚಾರ್ಯರ ಅಪ್ಪಣೆ ಬೇಕು, ಪ್ರಾಚಾರ್ಯರು ಬೆಳಗಾವಿಗೆ ಹೋಗಿದ್ದಾರೆ ಎಂದರು. ಅವತ್ತು ಹಾಲ್ ಟಿಕೆಟ್ಟಿನ ಕೊನೆಯ ದಿನ.

ತಂಗಿ ಮುಂದೆ ಬಂದಳು. ನನ್ನಂತೆ ಒದರಲಿಲ್ಲ. ಕಾರ್ಡನ್ನು ಅವರ ಮೇಜಿನಿಂದ ಎತ್ತಿ, ಮಗುಚಿ, ಮುದ್ರೆಗಳ ಮೇಲ್ಗಡೆ ಅಚ್ಚಾಗಿದ್ದ ಸಣ್ಣ ಅಕ್ಷರಗಳನ್ನು ಓದಿದಳು.

“‘ಪರೀಕ್ಷೆಗೆ ಮುನ್ನ ಈ ಕಾರ್ಡನ್ನು ಗ್ರಂಥಾಲಯಕ್ಕೆ ಹಿಂತಿರುಗಿಸತಕ್ಕದ್ದು.’ ಇಷ್ಟ ಬರದೇತ್ರಿ ಸರ್. ನಾ ಹಿಂತಿರುಗಿಸೇನಿ. ತೂತ ಇರಬಾರದು ಅಂತ ಬರದಿಲ್ರಿ.”

“ಶಾಣ್ಯಾ ಆಗಬ್ಯಾಡವಾ.”

“ಶಾಣ್ಯಾ ಆಗಾಕ ಕಾಲೇಜಿಗೆ ಬಂದೇನ್ರಿ ಸರ್. ನಮ್ಮಣ್ಣ ಮಾಡಿದ್ದು ತಪ್ಪು. ಅವ ಒಪ್ಪಿಕೊಂಡಾನ. ಪರೀಕ್ಷಾ ಬರಿಯಾಕಿ ನಾನು. ನನ್ನ ಕಡೆ ಒಂದೂ ಪುಸ್ತಕ ಬಾಕಿ ಇಲ್ಲ ಅಂತ ನಿನ್ನೆ ನೀವ ಹೇಳೀರಿ, ಎಲ್ಲಾರ ಮುಂದ.”

ಜವಾನ ಕೆಮ್ಮಿದ. “ಮಾಡಿ ಬಿಡ್ರಿ ಸರ್. ಸಿಕ್ಕಾ ಎಲ್ಲಾ ಕಾಣಸಾಕತ್ತಾವು. ನಂಬರೂ ಐತಿ.”

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹುಡುಕಿದರು. ಅದು ಪೆನ್ನಿನ ಹಿಂಬದಿಯಲ್ಲೇ ಇತ್ತು. ಕೊನೆಗೆ ಸಹಿ ಮಾಡಿ, ಕಾಗದವನ್ನು ಮೇಜಿನ ಮೇಲೆ ತಳ್ಳಿದರು, ಕೈಗೆ ಕೊಡಲಿಲ್ಲ. ತಂಗಿ ಅದನ್ನು ತೆಗೆದುಕೊಂಡು ಕೇಳಿದಳು: “ಸರ್, ಆ ಕಪಾಟು?”

“ಅದರ ಮಾತ ಮುಗೀತು.”

ತಂಗಿ ಪರೀಕ್ಷೆ ಬರೆದಳು. ಕೆಂಪು ಬೆನ್ನಿನ ಪುಸ್ತಕದ ಒಂದು ಹಾಳೆಯನ್ನೂ ನೋಡದೆ ಇತಿಹಾಸದ ಪತ್ರಿಕೆ ಬರೆದಳು. ನೇಕಾರರ ಓಣಿಗಳ ಬಗ್ಗೆ ಪ್ರಶ್ನೆ ಬಂದಿತ್ತಂತೆ. “ನಮ್ಮ ಓಣೀನ ನೆನಸಿಕೊಂಡು ಬರದೆ” ಎಂದಳು. ಪಾಸಾದಳು. ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕಗಳು, ಇತಿಹಾಸದಲ್ಲಿ ಪಾಸಾಗುವಷ್ಟು. ಈಗ ಮುಧೋಳದಲ್ಲಿ ಮುಂದೆ ಓದುತ್ತಿದ್ದಾಳೆ. ಅಲ್ಲಿಯೂ ಅವಳಿಗೊಂದು ಲೈಬ್ರರಿ ಕಾರ್ಡು ಕೊಟ್ಟಿದ್ದಾರೆ. ಅದನ್ನು ಅವಳು ಗೂಡಿನಲ್ಲಿಡುವುದಿಲ್ಲ.

ನಾನು ತಪ್ಪು ಮಾಡಿದ್ದೇನೆ. ಅದನ್ನು ಅಲ್ಲಿ ಎಲ್ಲರ ಮುಂದೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ. ಆದರೆ ನನ್ನ ತಪ್ಪಿನಿಂದ ಆ ಫಲಕ ಸರಿಯಾಗಿಬಿಡುವುದಿಲ್ಲ. ಓದಲಿಕ್ಕೆಂದು ತಂದ ಪುಸ್ತಕವನ್ನು ಗಾಜಿನೊಳಗಿಟ್ಟು ಓದುವವರನ್ನು ಹೊರಗೆ ನಿಲ್ಲಿಸುವುದು, ಬಂದುಹೋಗುವ ತಪಾಸಣೆಯವರಿಗೆ ಕಂಪ್ಯೂಟರಿನ ಹೊದಿಕೆ ತೆಗೆದು, ದಿನಾ ಬರುವ ಮಕ್ಕಳ ಮುಂದೆ ಮತ್ತೆ ಹೊದಿಸುವುದು, ಇದಕ್ಕೆಲ್ಲ ನನ್ನ ಕತ್ತರಿ ಕಾರಣವಲ್ಲ. ನಾನು ಕತ್ತರಿಸಿದ್ದು ಒಂದು ಕಾರ್ಡು. ಆ ಕಾರ್ಡಾದರೂ ತುಂಬಿತ್ತು.

ಮಗ್ಗಕ್ಕೆ ರಜೆ ಇರುವ ದಿನ ನಾನು ಜಮಖಂಡಿಗೆ ಹೋಗುತ್ತೇನೆ. ಫಲಕದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಳ್ಳುತ್ತೇನೆ, ಸಾರ್ವಜನಿಕರಿಗೂ ಕುಳಿತು ಓದುವ ಅವಕಾಶವಿದೆ. ಒಳಗೆ ಹೋಗಿ ಕಟಕಟೆಯ ಮುಂದೆ ನಿಲ್ಲುತ್ತೇನೆ. ಈಗ ಕೂಗುವುದಿಲ್ಲ.

“ಮತ್ತ ಬಂದ್ರೇನ್ರಿ ಅಣ್ಣಾರ?” ಎನ್ನುತ್ತಾನೆ ಜವಾನ. “ಕತ್ತರಿ ತಂದಿಲ್ಲಲ್ರಿ?”

“ಇಲ್ರಿ. ಆ ಕೆಂಪ ಪುಸ್ತಕ ಬೇಕಾಗಿತ್ರಿ. ಇಲ್ಲೇ ಕುಂತ ಓದತೇನಿ.”

“ಕೀಲಿ ಇಲ್ರಿ.”

“ಇರ್ಲಿ ಬಿಡ್ರಿ, ಬರೂತನಾ ಕುಂದರತೇನಿ.”

ಕಪಾಟಿನ ಎದುರಿನ ಬೆಂಚಿನ ಮೇಲೆ ಕೂರುತ್ತೇನೆ. ಗಾಜಿನಾಚೆ ಪುಸ್ತಕದ ಬೆನ್ನಿನ ಮೇಲಿನ ಅಕ್ಷರಗಳನ್ನು ಕೂಡಿಸಿ ಓದುತ್ತೇನೆ. ಹೆಸರು ನನಗೆ ಬಾಯಿಪಾಠವಾಗಿದೆ. ಗ್ರಂಥಪಾಲಕರು ತಲೆ ಎತ್ತಿ ನನ್ನನ್ನು ನೋಡುತ್ತಾರೆ, ಮತ್ತೆ ತಗ್ಗಿಸುತ್ತಾರೆ. ಹೋದ ಸಲ ಒಬ್ಬಳು ಹುಡುಗಿ ಚೀಟಿ ಹಿಡಿದು ಬಂದು, ಇಲ್ಲ ಎನ್ನಿಸಿಕೊಂಡು ಹಿಂತಿರುಗುವಾಗ ನನ್ನನ್ನು ನೋಡಿ, “ನೀವು ಯಾರ್ರಿ, ಇಲ್ಲಿ ಯಾಕ ಕುಂತೀರಿ?” ಎಂದು ಕೇಳಿದಳು. ಕೀಲಿಗೆ ಕಾಯುತ್ತಿದ್ದೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, ಬೆಂಚಿನ ಆ ತುದಿಗೆ ಕುಳಿತಳು.